ನೆಲದಿಂದ ಒಂದಡಿ ಎತ್ತರದ ಮೂಗು

ಬಂತೋ, ಬರಲಿಲ್ಲವೋ?

ಒಡೆದ ಕೊಬ್ಬರಿ ಹೋಳನ್ನು ಮೂಗಿಗೆ ಹಿಡಿದು ಮರಿಯಣ್ಣ ಯೋಚಿಸುತ್ತಿದ್ದ. ಏನೋ ಇದ್ದ ಹಾಗಿತ್ತು. ಸಿಹಿಯಾದ, ಎಣ್ಣೆ ಎಣ್ಣೆಯಾದ ಏನೋ ಒಂದು. ಆದರೆ ಅದು ಈ ಹೋಳಿನಿಂದ ಬಂದ ವಾಸನೆಯೋ, ಮೂವತ್ತು ವರ್ಷ ಮೂಸಿದ ಹೋಳುಗಳ ನೆನಪೋ? ಇನ್ನೊಮ್ಮೆ ಎಳೆದುಕೊಂಡ. ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಗಾಳಿ, ಅಷ್ಟೇ.

"ಏನ್ಲಾ ಮರಿಯಣ್ಣ, ಮೂಸ್ತಾ ಮೂಸ್ತಾ ನಿದ್ದೆ ಹೋದ್ಯಾ?" ಜಗಲಿಯ ಮೇಲೆ ಕೂತಿದ್ದ ಕೆಂಚಪ್ಪ ಕೇಳಿದ. ಕೊಬ್ಬರಿ ಅವನದು. ನಾಳೆ ಅರಸೀಕೆರೆ ಮಂಡಿಗೆ ಹೋಗಬೇಕಾದದ್ದು.

ಮರಿಯಣ್ಣ ಹೋಳನ್ನು ಉಗುರಿನಿಂದ ಗೀರಿದ. ಎಣ್ಣೆ ಜಿನುಗಿತು. ಒಡೆಯದ ಇನ್ನೊಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದ. ಒಳಗಿನ ಉಂಡೆ ಚಿಪ್ಪು ಬಿಟ್ಟು ಗಡಗಡ ಅಂದಿತು.

"ಚೆನ್ನಾಗೈತೆ. ತಗೊಂಡೋಗು," ಅಂದ.

"ಅಷ್ಟು ಸಾಕು," ಎಂದು ಕೆಂಚಪ್ಪ ಎದ್ದ. "ನಿನ್ನ ಮೂಗು ಒಪ್ಪಿದ್ರೆ ಮಂಡಿ ಒಪ್ದಂಗೇ ಕಣ್ಲಾ."

ಈ ಮಾತು ಆ ಊರಿನಲ್ಲಿ ಹಳೆಯದು. ಮಾಲೇಕಲ್ಲಿನ ಬೆಟ್ಟ ಕಾಣುವ ಸಣ್ಣ ಊರು ಅದು. ಮನೆಮನೆಯ ಅಟ್ಟದ ಮೇಲೂ ತೆಂಗಿನಕಾಯಿ. ಹತ್ತು ಹನ್ನೊಂದು ತಿಂಗಳು ಅಲ್ಲೇ ಒಣಗಿ ಕೊಬ್ಬರಿಯಾಗಬೇಕು. ಅಟ್ಟದಿಂದ ಇಳಿಸುವ ಮೊದಲು ಜನ ಎರಡು ಕಾಯಿ ಹಿಡಿದು ಮರಿಯಣ್ಣನ ಜಗಲಿಗೆ ಬರುತ್ತಿದ್ದರು. ಅವನು ಒಡೆದು ಮೂಸಿ, "ಇನ್ನೊಂದು ತಿಂಗಳು ಬುಡು" ಅನ್ನುತ್ತಿದ್ದ. ಇಲ್ಲವೇ "ಕಮಟು ಹತ್ತೈತೆ, ಬೇರೆ ಮಾಡು" ಅನ್ನುತ್ತಿದ್ದ. ಅವನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ರೂಢಿ ಇರಲಿಲ್ಲ.

ಮೂರು ವರ್ಷದ ಹಿಂದೆ ಅವನಿಗೆ ಜ್ವರ ಬಂತು. ಎಂಟು ದಿನ ಮಲಗಿ ಎದ್ದ. ಜ್ವರ ಹೋಯಿತು, ಕೆಮ್ಮು ಹೋಯಿತು. ಒಂದು ಬೆಳಿಗ್ಗೆ ಹೆಂಡತಿ ಹನುಮಮ್ಮ ಕೊಟ್ಟ ಕಾಫಿ ಬರೀ ಬಿಸಿನೀರಿನ ಹಾಗಿತ್ತು. ಕೊಟ್ಟಿಗೆಗೆ ಹೋದ. ಸಗಣಿಗೂ ವಾಸನೆ ಇರಲಿಲ್ಲ.

ಮೊದಲ ವಾರ ಹೇಳಬಹುದಿತ್ತು. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ಅಷ್ಟರಲ್ಲಿ ಯಾರೋ ಎರಡು ಕಾಯಿ ತಂದರು. ಮೂಸಿದ ಹಾಗೆ ಮಾಡಿ, ಉಗುರಿನಲ್ಲಿ ಗೀರಿ, ಕುಲುಕಿ ನೋಡಿ ಹೇಳಿದ. ಹೇಳಿದ್ದು ಸರಿಯಾಯಿತು. ಆಮೇಲೆ ನಿಜ ಹೇಳುವುದು ದಿನದಿನಕ್ಕೂ ಕಷ್ಟವಾಯಿತು. ಊರಿನ ಮೂಗು ತಾನು. ಮೂಗಿಲ್ಲದ ಮೂಗು ಎಂದರೆ ಜನ ನಗುವುದಿಲ್ಲವೇ? ನಕ್ಕರೂ ತಡೆಯಬಹುದು. ಸುಮ್ಮನೆ ಬೇರೆ ಜಗಲಿಗೆ ಹೋಗಿಬಿಟ್ಟರೆ?

ಹೀಗೆ ಮೂರು ವರ್ಷ ಕಳೆಯಿತು. ಅವನು ಹೇಳಲಿಲ್ಲ. ಯಾರೂ ಕೇಳಲಿಲ್ಲ.

*

ಆ ವಾರ ಹೆಂಗಸರ ಸಂಘದ ಸಭೆ ಮರಿಯಣ್ಣನ ಜಗಲಿಯ ಮೇಲೆಯೇ ನಡೆಯಿತು. ಪಕ್ಕದ ಮನೆಯ ಪ್ರತಿಮಾ ಬಂದಿದ್ದಳು. ಅರಸೀಕೆರೆಯಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರು. ಮರಿಯಣ್ಣನನ್ನು ಮಾವ, ಹನುಮಮ್ಮನನ್ನು ಅತ್ತೆ ಎಂದು ಕರೆಯುತ್ತ ಬೆಳೆದವಳು. ಅವಳ ಕೈಯಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ ಇತ್ತು.

"ಇದು ಗ್ಯಾಸ್ ಅಲಾರಂ," ಅಂದಳು. "ಗ್ಯಾಸ್ ಸೋರಿದರೆ ಕೂಗುತ್ತೆ."

ಜಗಲಿಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಪೆಟ್ಟಿಗೆಯ ಮೇಲಿನ ಗುಂಡಿ ಒತ್ತಿ ತೋರಿಸಿದಳು. ಅದು ಕಿರುಚಿದ ರಭಸಕ್ಕೆ ಅಂಗಳದ ಕೋಳಿಗಳು ಬೇಲಿ ಹಾರಿದವು.

"ಅಯ್ಯೋ, ನಮ್ಮತ್ತೆ ಗಂಟ್ಲಿಗಿಂತ ಜೋರಾಗೈತೆ!" ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು.

ಕಂಬಕ್ಕೆ ಒರಗಿ ಕೂತಿದ್ದ ಮರಿಯಣ್ಣ ನಗಲಿಲ್ಲ. "ಅಲ್ಲ ಕಣವ್ವ ಪ್ರತಿಮಾ, ದೇವರು ಎಲ್ಲಾರ್ಗೂ ಮೂಗು ಕೊಟ್ಟವ್ನೆ. ಗ್ಯಾಸು ಸೋರಿದ್ರೆ ಗಬ್ಬು ನಾರ್ತದೆ. ಅದಕ್ಕೆ ಪೆಟ್ಟಿಗೆ ಯಾಕೆ?"

"ಮಾವ, ಅಡುಗೆ ಗ್ಯಾಸಿಗೆ ಅದರದೇ ಆದ ವಾಸನೆ ಇಲ್ಲವೇ ಇಲ್ಲ."

"ಇಲ್ಲವಾ?"

"ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಕೆಟ್ಟ ವಾಸನೆ ಬರೋ ವಸ್ತುವನ್ನ ಸ್ವಲ್ಪ ಬೆರೆಸಿರುತ್ತಾರೆ. ಆ ವಾಸನೆ ನಮ್ಮ ಮೂಗಿಗೆ ಅಂತ ಬರೆದ ಕಾಗದ ಇದ್ದ ಹಾಗೆ. ಓದೋಕೆ ಮೂಗು ಚೆನ್ನಾಗಿರಬೇಕು. ನೆಗಡಿ ಇದ್ದರೆ? ನಿದ್ದೆ ಬಂದಿದ್ದರೆ? ವಯಸ್ಸಾದ ಹಾಗೆಲ್ಲ ಮೂಗು ಮಂಕಾಗುತ್ತೆ. ಜ್ವರ ಬಂದು ವಾಸನೆಯೇ ಹೋದವರು ಎಷ್ಟೋ ಜನ ಇದ್ದಾರೆ."

ಮರಿಯಣ್ಣ ಕೈಯಲ್ಲಿದ್ದ ಚಿಪ್ಪಿನ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇನ್ನೊಂದು ಮಾತು," ಎಂದು ಪ್ರತಿಮಾ ಹೆಂಗಸರ ಕಡೆ ತಿರುಗಿದಳು. "ನಿಮ್ಮ ಮನೆಗೆ ನೆಂಟರು ಬಂದಾಗ ಏನಂತಾರೆ? ಆಹಾ, ಕೊಬ್ಬರಿ ವಾಸನೆ ಅಂತಾರೆ. ನಿಮಗೆ ಬರುತ್ತಾ?"

"ನಮ್ಗೆಲ್ಲಿ ಬತ್ತದೆ? ಅದ್ರಾಗೇ ಇರ್ತೀವಲ್ಲ."

"ಅದೇ. ಒಂದು ವಾಸನೆಯಲ್ಲೇ ಕೂತಿದ್ದರೆ ಮೂಗು ದಣಿಯುತ್ತೆ. ಗ್ಯಾಸ್ ನಿಧಾನಕ್ಕೆ ಸೋರುತ್ತಾ ಇದ್ದರೂ ಅಷ್ಟೇ. ಒಳಗೇ ಇದ್ದವರಿಗೆ ಗೊತ್ತಾಗೋದು ಕಡಿಮೆ. ಈ ಪೆಟ್ಟಿಗೆ ದಣಿಯಲ್ಲ. ಒಳಗೆ ಸಣ್ಣ ಬಿಲ್ಲೆ ಇದೆ, ಕರೆಂಟಿನಿಂದ ಬೆಚ್ಚಗಿರುತ್ತೆ. ಗ್ಯಾಸ್ ಬಂದು ಮುಟ್ಟಿದರೆ ಅದರಲ್ಲಿ ಹರಿಯೋ ಕರೆಂಟು ಬದಲಾಗುತ್ತೆ. ಆಗ ಕೂಗುತ್ತೆ. ಇದಕ್ಕೆ ಒಂದೇ ಕೆಲಸ. ಇಂಥ ಹಲವಾರು ಬಿಲ್ಲೆ ಜೋಡಿಸಿ, ಇದು ಈ ವಾಸನೆ, ಅದು ಆ ವಾಸನೆ ಅಂತ ಗುರುತು ಹಿಡಿಯೋ ಯಂತ್ರಗಳೂ ಇವೆ. ಎಲೆಕ್ಟ್ರಾನಿಕ್ ಮೂಗು ಅಂತಾರೆ. ಚಹಾಪುಡಿ ಹದವಾಗಿದೆಯಾ, ಮೀನು ಕೆಟ್ಟಿದೆಯಾ ಅಂತೆಲ್ಲ ಅದರಿಂದ ನೋಡ್ತಾರೆ."

"ಹಂಗಾರೆ ನಾಳೆ ಕೊಬ್ರಿನೂ ಅದೇ ಮೂಸ್ತದೆ ಅನ್ನು!" ಬೀದಿಯಲ್ಲಿ ಹೋಗುತ್ತಿದ್ದ ಕೆಂಚಪ್ಪ ನಿಂತು ಕೂಗಿದ. "ಮರಿಯಣ್ಣ, ನಿನ್ನ ಕೆಲ್ಸ ಹೋಯ್ತಲ್ಲೋ!"

ಮರಿಯಣ್ಣ ಎದ್ದ. "ನಮ್ಮನೆಗೆ ಬ್ಯಾಡ. ನಮ್ಮನೇಲಿ ಆಗ್ಲೇ ಒಂದು ಮೂಗೈತೆ," ಎಂದು ತೋಟದ ಕಡೆ ಹೊರಟುಬಿಟ್ಟ.

ಅವನು ಹೋದ ಮೇಲೆ ಪ್ರತಿಮಾ ಪೆಟ್ಟಿಗೆಯನ್ನು ಎಲ್ಲಿ ಹಾಕಬೇಕು ಎಂದು ಹೇಳಿದಳು. ಅದನ್ನು ಅವನು ಕೇಳಲಿಲ್ಲ. ಆಗ ಒಳಗೆ ಎಲ್ಲರಿಗೂ ಕಾಫಿ ಸೋಸುತ್ತಿದ್ದ ಹನುಮಮ್ಮನೂ ಕೇಳಲಿಲ್ಲ. ಲೋಟಗಳನ್ನು ಹಿಡಿದು ಅವಳು ಹೊರಗೆ ಬರುವ ಹೊತ್ತಿಗೆ ಯಾರು ಯಾರಿಗೆ ಬೇಕು ಎಂದು ಬರೆದುಕೊಳ್ಳುತ್ತಿದ್ದರು.

"ನಂಗೊಂದು ಬರ್ಕೋ," ಅಂದಳು ಹನುಮಮ್ಮ.

"ಮಾವ ಬೇಡ ಅಂದರಲ್ಲ ಅತ್ತೆ?"

"ಬರ್ಕೋ."

ಎಲ್ಲರೂ ಅವಳ ಮುಖ ನೋಡಿದರು. ಅವಳು ಲೋಟ ಹಂಚುತ್ತಿದ್ದಳು.

*

ಪೆಟ್ಟಿಗೆ ಮನೆಗೆ ಬಂದ ದಿನ ಮರಿಯಣ್ಣ ಸಿಟ್ಟಾಗಲಿಲ್ಲ. ಒಳಗೊಳಗೆ ಅವನಿಗೆ ಒಂದು ಸಮಾಧಾನವೇ ಆಯಿತು. ಮೂಗು ಹೋದ ದಿನದಿಂದ ಅವನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಸಿಲಿಂಡರಿನ ರೆಗ್ಯುಲೇಟರನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದ. ಏನು ನೋಡುತ್ತಿದ್ದೇನೆ ಎಂದು ಅವನಿಗೇ ಗೊತ್ತಿರಲಿಲ್ಲ.

"ನಾನೇ ಬಂದು ಹಾಕಿಕೊಡ್ತೀನಿ ಮಾವ," ಎಂದು ಪ್ರತಿಮಾ ಗೋಡೆಯಾಚೆಯಿಂದ ಕೂಗಿದಳು.

"ಒಂದು ಮೊಳೆ ಹೊಡಿಯಾಕೂ ಟೀಚರು ಬೇಕಾ? ನೀನು ಸ್ಕೂಲಿಗೆ ಹೋಗವ್ವ, ಬಸ್ಸು ಹೋಯ್ತದೆ," ಅಂದ.

ಪೆಟ್ಟಿಗೆಯ ಜೊತೆ ಒಂದು ಕಾಗದವಿತ್ತು. ಇರುವೆಯಂಥ ಅಕ್ಷರ, ಅದೂ ಇಂಗ್ಲಿಷು. ಮಡಿಸಿ ದೇವರ ಪಟದ ಹಿಂದೆ ಇಟ್ಟ. ಅವನಿಗೆ ಕಾಗದ ಬೇಕಿರಲಿಲ್ಲ. ಆ ಅಡುಗೆಮನೆಯನ್ನು ಅವನು ಹುಟ್ಟಿದಾಗಿನಿಂದ ಬಲ್ಲ. ಸೌದೆ ಒಲೆ ಇದ್ದ ಕಾಲದಲ್ಲಿ ಹೊಗೆ ನೇರ ಮೇಲೇರಿ ಅಟ್ಟಕ್ಕೆ ಹೋಗುತ್ತಿತ್ತು. ಮೇಲಿದ್ದ ಕಾಯಿಗಳನ್ನು ಬೆಚ್ಚಗಿಡುತ್ತಿತ್ತು. ಅವನ ಅಪ್ಪ ಅಟ್ಟದ ತೊಲೆ ಮುಟ್ಟಿ, "ಮನೆಯ ವಾಸನೆಯೆಲ್ಲ ಕಡೆಗೆ ಇಲ್ಲಿಗೇ ಬತ್ತದೆ" ಅನ್ನುತ್ತಿದ್ದ.

ಮರಿಯಣ್ಣ ಸ್ಟೂಲು ಹತ್ತಿ ಆ ತೊಲೆಗೇ ಮೊಳೆ ಹೊಡೆದ. ಸ್ವಿಚ್ ಬೋರ್ಡಿನಿಂದ ವೈರು ಎಳೆದು ಪೆಟ್ಟಿಗೆ ನೇತುಹಾಕಿದ. ಹಸಿರು ದೀಪ ಹತ್ತಿತು. ಕೆಳಗೆ ಹನುಮಮ್ಮ ಸ್ಟೂಲು ಹಿಡಿದು ನಿಂತಿದ್ದಳು.

"ವಸಿ ಎತ್ತರ ಆಗ್ಲಿಲ್ವಾ?"

"ಹೊಗೆ ಎಲ್ಲಿಗೋಯ್ತದೆ? ಮೇಲಕ್ಕೆ. ಗ್ಯಾಸು ಎಲ್ಲಿಗೋಯ್ತದೆ? ಮೇಲಕ್ಕೆ," ಅಂದ.

ಅವಳಿಗೂ ಅದು ಸರಿ ಅನ್ನಿಸಿತು. ಕೊಬ್ಬರಿ ಮನೆಯಲ್ಲಿ ಬೆಳೆದ ಯಾರಿಗಾದರೂ ಸರಿ ಅನ್ನಿಸುತ್ತಿತ್ತು.

*

ಒಂದು ತಿಂಗಳಾಯಿತು. ಪೆಟ್ಟಿಗೆ ಒಮ್ಮೆಯೂ ಕೂಗಲಿಲ್ಲ.

ಒಂದು ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಕೆಂಚಪ್ಪ ಅಂಗಳದಾಚೆ ಬೇಲಿಯ ಹತ್ತಿರ ಗಾಡಿಯಿಂದ ಚೀಲ ಇಳಿಸುತ್ತಿದ್ದ. ಹನುಮಮ್ಮ ಹಾಲು ಕರೆದುಕೊಂಡು ಅಡುಗೆಮನೆಗೆ ಬಂದಳು. ಎರಡು ದಿನದಿಂದ ಅವಳಿಗೆ ನೆಗಡಿ. ಕಾಫಿಗೆ ಪಾತ್ರೆ ಇಟ್ಟು ಲೈಟರ್ ತೆಗೆದುಕೊಂಡವಳು ಹಾಗೇ ನಿಂತಳು.

"ರೀ, ಇಲ್ಲಿ ಬನ್ನಿ. ಏನೋ ಒಂಥರಾ ವಾಸ್ನೆ. ಕೊಳೆತ ಮೊಟ್ಟೆ ಇದ್ದಂಗೆ. ನಂಗೆ ನೆಗಡಿ, ಸರಿಯಾಗಿ ಗೊತ್ತಾಯ್ತಿಲ್ಲ."

ಮರಿಯಣ್ಣ ಬಂದ. ಕೊಬ್ಬರಿ ಮೂಸುವಾಗ ಮಾಡುವ ಹಾಗೆ ಕಣ್ಣು ಮುಚ್ಚಿ ಉಸಿರೆಳೆದ. ಏನೂ ಇಲ್ಲ. ಕಣ್ಣು ತೆರೆದು ತೊಲೆಯ ಕಡೆ ನೋಡಿದ. ಪೆಟ್ಟಿಗೆಯ ಹಸಿರು ದೀಪ ಶಾಂತವಾಗಿ ಉರಿಯುತ್ತಿತ್ತು. ಮೇಲಿನ ಮೂಗೂ ಸುಮ್ಮನಿತ್ತು, ಕೆಳಗಿನ ಮೂಗೂ ಸುಮ್ಮನಿತ್ತು.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು. ಲೈಟರ್ ಅವಳ ಕೈಯಲ್ಲಿತ್ತು.

ಗೊತ್ತಿಲ್ಲ ಅನ್ನಬಹುದಿತ್ತು. ಒಂದೇ ಪದ. ಆದರೆ ಮೂವತ್ತು ವರ್ಷದಿಂದ ಯಾರು ಏನು ಹಿಡಿದು ತಂದರೂ ಆ ಬಾಯಿ ತೀರ್ಪು ಹೇಳಿ ಅಭ್ಯಾಸವಾಗಿತ್ತು. ಈಗಲೂ ಅದೇ ಮೊದಲು ತೆರೆಯಿತು.

"ಏನೂ ಇಲ್ಲ. ಹಚ್ಚು," ಅಂದ.

ಹನುಮಮ್ಮ ಹಚ್ಚಲಿಲ್ಲ.

ಲೈಟರನ್ನು ನಿಧಾನವಾಗಿ ಕೆಳಗಿಟ್ಟಳು. ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿದಳು. ಹಿಂದಿನ ಬಾಗಿಲನ್ನು ಪೂರ್ತಿ ತೆರೆದಳು. ಕಿಟಕಿ ತೆರೆದಳು. ಮರಿಯಣ್ಣನ ಕೈ ಅಭ್ಯಾಸದಂತೆ ಲೈಟಿನ ಸ್ವಿಚ್ಚಿನ ಕಡೆ ಹೋಯಿತು.

"ಮುಟ್ಬ್ಯಾಡಿ!" ಅಂದಳು. "ಸ್ವಿಚ್ಚಲ್ಲಿ ಕಿಡಿ ಹಾರ್ತದಂತೆ, ಸಂಘದಲ್ಲಿ ಹೇಳವ್ರೆ. ಹಾಕಾದೂ ಬ್ಯಾಡ, ಆರ್ಸಾದೂ ಬ್ಯಾಡ."

ಅವನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಬೇಲಿಯ ಹತ್ತಿರ ಕೆಂಚಪ್ಪ ಬೀಡಿ ಬಾಯಿಗಿಟ್ಟು ಬೆಂಕಿಪೊಟ್ಟಣ ತೆಗೆಯುತ್ತಿದ್ದ.

"ಕೆಂಚಪ್ಪಣ್ಣ, ಗೀರ್ಬ್ಯಾಡ! ಇಟ್ಕೋ ಒಳಕ್ಕೆ!"

"ಯಾಕವ್ವ, ಬೀಡಿ ಸೇದಾಕೂ ಸಂಘದಲ್ಲಿ ಕೇಳ್ಬೇಕಾ?"

"ಗ್ಯಾಸ್ ಸೋರ್ತಾ ಐತೆ ಕಣಣ್ಣ!"

ಕೆಂಚಪ್ಪನ ಬಾಯಿಂದ ಬೀಡಿ ತಾನಾಗಿ ಬಿತ್ತು.

ಸದ್ದು ಕೇಳಿ ಪ್ರತಿಮಾ ಓಡಿ ಬಂದಳು. ಎಲ್ಲರನ್ನೂ ಹುಣಸೆಮರದವರೆಗೆ ದೂರ ನಿಲ್ಲಿಸಿದಳು. ಅಲ್ಲಿಂದಲೇ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನು ಮಾಡಿದಳು. ಊರು, ಬೀದಿ, ಮನೆಯ ಗುರುತು ಹೇಳಿದಳು. ಮುಕ್ಕಾಲು ಗಂಟೆಯಲ್ಲಿ ಅರಸೀಕೆರೆ ಕಡೆಯಿಂದ ಮೋಟರ್ ಬೈಕಿನಲ್ಲಿ ಮೆಕ್ಯಾನಿಕ್ ನಂಜಪ್ಪ ಬಂದ. ಅಷ್ಟು ಹೊತ್ತೂ ಯಾರೂ ಒಳಗೆ ಹೋಗಲಿಲ್ಲ.

*

ನಂಜಪ್ಪನ ಕೈಯಲ್ಲಿ ಸೊಂಡಿಲಿನಂಥ ಕಡ್ಡಿ ಇದ್ದ ಒಂದು ಯಂತ್ರ ಇತ್ತು. ಗ್ಯಾಸ್ ಇರುವ ಕಡೆಯೂ ಕಿಡಿಯಾಗದಂತೆ ಮಾಡಿದ ಯಂತ್ರ. ಹಿಂಬಾಗಿಲಲ್ಲಿ ನಿಂತು ಅವನು ಆ ಸೊಂಡಿಲನ್ನು ಎದೆಯ ಎತ್ತರಕ್ಕೆ ಹಿಡಿದ. ಯಂತ್ರ ಸುಮ್ಮನಿತ್ತು. ನೆಲದ ಹತ್ತಿರ ತಂದ. ಟಿಕ್ ಟಿಕ್ ಅಂದಿತು. ಸಿಲಿಂಡರ್ ಇದ್ದ ಕಟ್ಟೆಯ ಕೆಳಗಿನ ಮೂಲೆಗೆ ಚಾಚಿದ. ಟಿಕ್ ಟಿಕ್ ಸೇರಿ ಒಂದೇ ಕೂಗಾಯಿತು.

"ಬಾಗ್ಲು ತೆಗೆದು ಒಂದು ಗಂಟೆ ಆಗ್ತಾ ಬಂತು, ಇನ್ನೂ ಇಲ್ಲಿ ಮೂಲೇಲಿ ನಿಂತದೆ ನೋಡಿ," ಅಂದ.

"ಮೇಲೆ ಇಲ್ಲವಾ?" ಮರಿಯಣ್ಣ ಕೇಳಿದ. "ಹಚ್ಚು" ಅಂದ ಮೇಲೆ ಅವನ ಮೊದಲ ಮಾತು ಅದು.

"ಮೇಲೆ ಯಾಕಿರ್ತದೆ ಯಜಮಾನ್ರೇ? ಅಡುಗೆ ಗ್ಯಾಸು ಗಾಳಿಗಿಂತ ಭಾರ. ನೀರಿದ್ದಂಗೆ, ತಗ್ಗು ಹುಡುಕ್ಕೊಂಡು ಹೋಯ್ತದೆ. ಮೊದ್ಲು ನೆಲ, ಆಮೇಲೆ ಮೊಣಕಾಲು."

ಪ್ರತಿಮಾ ಒಳಗೆ ಇಣುಕಿ ತೊಲೆಯ ಮೇಲಿನ ಪೆಟ್ಟಿಗೆ ನೋಡಿದಳು. "ಮಾವ! ಅಲ್ಲಿ ಯಾಕೆ ಹಾಕಿದ್ರಿ? ನೆಲದಿಂದ ಒಂದಡಿ ಎತ್ತರ ಅಂತ ಹೇಳಿದ್ದೆನಲ್ಲ!"

"ನಾನು ಆಗ್ಲೇ ಎದ್ದೋಗಿದ್ದೆ," ಅಂದ ಮರಿಯಣ್ಣ.

ನಂಜಪ್ಪ ಸಿಲಿಂಡರಿನ ಹಿಂದಿನಿಂದ ಕಿತ್ತಳೆ ಬಣ್ಣದ ಟ್ಯೂಬನ್ನು ಬಿಚ್ಚಿ ತಂದ. ಒಂದು ಕಡೆ ಹಲ್ಲಿನ ಗುರುತು ಸಾಲಾಗಿತ್ತು.

"ಇಲಿ," ಅಂದ. "ಕೊಬ್ರಿ ಮನೆಗಳಲ್ಲಿ ಇದೇ ಕಥೆ. ಕೊಬ್ರಿ ಹಿಡಿದ ಕೈಲೇ ಟ್ಯೂಬ್ ಮುಟ್ತೀರಿ. ಎಣ್ಣೆ ಹತ್ತಿರ್ತದೆ. ಇಲಿಗೆ ಅದೂ ಕೊಬ್ರಿನೇ. ಟ್ಯೂಬಿನ ಮೇಲೆ ತಾರೀಕು ಇರ್ತದೆ ನೋಡಿ. ಐದು ವರ್ಷ ಆಯ್ತೂಂದ್ರೆ ಬದಲಾಯಿಸ್ಬೇಕು. ಕಚ್ಚಿದ್ರೆ ಆವತ್ತೇ ಬದಲಾಯಿಸ್ಬೇಕು."

ಹೊಸ ಟ್ಯೂಬು ಹಾಕಿ, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ, ಮನೆಯಲ್ಲಿ ಇನ್ನು ಗ್ಯಾಸ್ ಇಲ್ಲ ಎಂದು ಯಂತ್ರದಿಂದ ಖಾತ್ರಿ ಮಾಡಿಕೊಂಡ. ಆಮೇಲೆ ಕೇಳಿದ: "ಲೈಟರ್ ಹೊಡೀದಂಗೆ ಕೆಳಗಿಟ್ಟೋರು ಯಾರು?"

"ನಾನು," ಅಂದಳು ಹನುಮಮ್ಮ.

"ಇನ್ನೊಂದು ಸಲ ಹುಟ್ಟಿದ್ರಿ ಅನ್ಕೊಳಿ ತಾಯಿ," ಎಂದು ನಂಜಪ್ಪ ಬೈಕು ಹತ್ತಿದ.

*

ಮಧ್ಯಾಹ್ನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಮರಿಯಣ್ಣ ಮುದ್ದೆ ಮುರಿಯುತ್ತ ಕೂತಿದ್ದ. ಉಣ್ಣುತ್ತಿರಲಿಲ್ಲ.

"ಯಾಕೆ ಹಚ್ಲಿಲ್ಲ?" ಎಂದು ಕೇಳಿದ.

ಹನುಮಮ್ಮ ಅವನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

"ಹೋದ ವರ್ಸ ಬೇಸ್ಗೇಲಿ ನನ್ನ ತಮ್ಮ ಒಂದು ಹಲಸಿನಹಣ್ಣು ತಂದಿದ್ದ," ಅಂದಳು. "ಎಲ್ಲಾ ವರ್ಸ ನೀವು ಬೀದಿ ತಿರುವಲ್ಲೇ ಕೂಗೋರು, ಹಣ್ಣು ಕುಯ್ಯೇ, ಬಂದೆ ಅಂತ. ಆವತ್ತು ಅದನ್ನ ನಿಮ್ಮ ಮಂಚದ ಕೆಳಗಿಟ್ಟೆ. ಮನೆಯೆಲ್ಲ ಘಮ್ಮಂತಿತ್ತು. ನೀವು ಬಂದು ಅದೇ ಮಂಚದ ಮ್ಯಾಲೆ ಕೂತು ಕಾಫಿ ಕುಡಿದು ಎದ್ದೋದ್ರಿ."

ಮರಿಯಣ್ಣ ಮುದ್ದೆಯ ಚೂರನ್ನು ಸಾರಿಗೆ ಅದ್ದಿ ಹಾಗೇ ಬಿಟ್ಟ.

"ಆವತ್ತೇ ಗೊತ್ತಾಯ್ತು. ಬಾಯಿಬುಟ್ಟು ಹೇಳ್ಲಿ ಅಂತ ಕಾದೆ. ನಾನೇ ಕೇಳಿದ್ರೆ ನಿಮ್ಗೆ ಬ್ಯಾಸ್ರ ಆಯ್ತದೆ ಅಂತ ಸುಮ್ನಾದೆ. ಆ ಪೆಟ್ಟಿಗೆ ತಂದಿದ್ದೂ ಅದಕ್ಕೇಯ."

"ಹಂಗಾರೆ ಇವತ್ತು ನನ್ನ ಯಾಕೆ ಕೂಗ್ದೆ?"

ಅವಳು ಸೌಟನ್ನು ಸಾರಿನ ಪಾತ್ರೆಗೆ ಹಾಕಿದಳು. "ಅಭ್ಯಾಸ," ಅಂದಳು.

ಮರಿಯಣ್ಣ ಕೈ ತೊಳೆದ. ಸ್ಟೂಲು ತಂದ. ತೊಲೆಯ ಮೇಲಿನ ಪೆಟ್ಟಿಗೆ ಬಿಚ್ಚಿದ. ಗೋಡೆಯಾಚೆಗೆ ಕೂಗಿದ: "ಪ್ರತಿಮಾ, ವಸಿ ಬಾರವ್ವ. ಮೊಳೆ ಹೊಡಿಯಾಕೆ ಟೀಚರು ಬೇಕು."

ಅವಳು ನಗುತ್ತ ಬಂದಳು. ದೇವರ ಪಟದ ಹಿಂದಿದ್ದ ಕಾಗದ ತೆಗೆಸಿ ಓದಿದಳು. ಒಲೆಯಿಂದ ಎರಡು ಮೂರು ಹೆಜ್ಜೆ ದೂರ, ನೆಲದಿಂದ ಒಂದಡಿ ಎತ್ತರ. ಕಸಬರಿಗೆ, ಚೀಲ ಯಾವುದೂ ಅಡ್ಡ ಇರದ ಜಾಗ. ಒಗ್ಗರಣೆಯ ಹೊಗೆ ನೇರ ಹೊಡೆಯದ ಜಾಗ. ಮರಿಯಣ್ಣ ಮೊಳಕಾಲೂರಿ ಕೂತು ಮೊಳೆ ಹೊಡೆದ. ತಿಂಗಳಿಗೊಮ್ಮೆ ಗುಂಡಿ ಒತ್ತಿ ಕೂಗಿಸಿ ನೋಡಬೇಕು ಎಂದು ಪ್ರತಿಮಾ ಹೇಳಿದಳು. ಪೆಟ್ಟಿಗೆಗೂ ವಯಸ್ಸಿದೆ, ಕಾಗದದಲ್ಲಿ ಬರೆದಷ್ಟು ವರ್ಷ ಆದ ಮೇಲೆ ಹೊಸದು ತರಬೇಕು. ಕರೆಂಟು ಹೋದಾಗ ಅದು ಮಲಗಿರುತ್ತದೆ, ಆ ಹೊತ್ತು ರೆಗ್ಯುಲೇಟರ್ ಬಂದ್ ಇರಲಿ, ಬ್ಯಾಟರಿಯದೂ ಸಿಗುತ್ತದೆ.

"ಇನ್ನೊಂದು ಐತೆ," ಅಂದ ಮರಿಯಣ್ಣ ಮೊಳೆಯ ಕಡೆಗೇ ನೋಡುತ್ತ. "ನಂಗೆ ವಾಸ್ನೆ ಬರಾಕಿಲ್ಲ ಕಣವ್ವ. ಮೂರು ವರ್ಸ ಆಯ್ತು."

ಹೇಳಿಬಿಟ್ಟಿದ್ದ. ಏನೂ ಮುರಿದು ಬೀಳಲಿಲ್ಲ. ಹೊರಗೆ ಕೋಳಿಯೊಂದು ಕೂಗಿತು.

"ಡಾಕ್ಟರಿಗೆ ತೋರಿಸೋಣ ಮಾವ," ಅಂದಳು ಪ್ರತಿಮಾ. "ಇದರಲ್ಲಿ ನಾಚಿಕೆ ಏನಿದೆ? ಕಣ್ಣು ಮಂಜಾದರೆ ಕನ್ನಡಕ ಹಾಕ್ತೀವಿ. ಮೂಗು ಮಂಜಾದರೆ ಈ ಪೆಟ್ಟಿಗೆ."

ಮರುದಿನ ಅವನು ಕೆಂಚಪ್ಪನಿಗೂ ಹೇಳಿದ. ಕೆಂಚಪ್ಪ ಬಾಯಿ ತೆರೆದು ನಿಂತ.

"ಹಂಗಾರೆ ಮೂರು ವರ್ಸದಿಂದ ನನ್ನ ಕೊಬ್ರಿ ನೋಡಿದ್ದು ಯಾರ್ಲಾ?"

"ನನ್ನ ಕಿವಿ. ನನ್ನ ಉಗುರು."

"ಥೂ ನಿನ್ನ! ಹೋದ ವರ್ಸ ಒಂದು ಚೀಲ ಕಮಟಿತ್ತು. ನನ್ನ ಹೆಂಡ್ತಿ ನಾರ್ತದೆ ನಾರ್ತದೆ ಅಂತ ಬಡ್ಕೊಂಡ್ಲು. ಮರಿಯಣ್ಣ ಒಪ್ಪವ್ನೆ, ನಿನ್ನ ಮೂಗೇ ಸರಿ ಇಲ್ಲ ಅಂತ ನಾನು ಬೈದೆ ಕಣ್ಲಾ!"

ಹೇಳಿ ಮುಗಿಸುತ್ತಲೇ ಕೆಂಚಪ್ಪ ನಕ್ಕ. ಅವನು ನಕ್ಕಿದ್ದು ನೋಡಿ ಮರಿಯಣ್ಣನೂ ನಕ್ಕ.

"ನಡಿ, ಈಗ ಯಾರು ಮೂಸೋರು?"

"ಮೂಸೋದು ಹನುಮಮ್ಮ. ಕುಲುಕೋದು ನಾನು."

ಈಗ ಆ ಜಗಲಿಯ ಮೇಲೆ ಹಾಗೆಯೇ ನಡೆಯುತ್ತದೆ. ಜನ ಬೇರೆ ಜಗಲಿಗೆ ಹೋಗಲಿಲ್ಲ. ಡಾಕ್ಟರು ಹೇಳಿದ ಹಾಗೆ ಮರಿಯಣ್ಣ ದಿನಕ್ಕೆರಡು ಸಲ ಲವಂಗ, ನಿಂಬೆಹಣ್ಣು ಹಿಡಿದು ಮೂಸುತ್ತಾನೆ. ಮೊನ್ನೆ ಲವಂಗ ಬಂದ ಹಾಗಾಯಿತಂತೆ. ನಿಜವಾಗಿ ಬಂತೋ ಇಲ್ಲವೋ, ಅವನಿಗೆ ಖಚಿತವಿಲ್ಲ. ಖಚಿತವಿಲ್ಲ ಎಂದು ಈಗ ಬಾಯಿಬಿಟ್ಟೇ ಹೇಳುತ್ತಾನೆ.

*

ಪ್ರತಿಮಾ ಸಭೆ ಮಾಡಲು ಹೋದ ಊರಿಗೆಲ್ಲ ಈಗ ಮರಿಯಣ್ಣನೂ ಹನುಮಮ್ಮನೂ ಹೋಗುತ್ತಾರೆ. ಹಳೇಬೀಡಿಗೆ ಹೋಗಿದ್ದರು, ಬೇಲೂರಿಗೆ ಹೋಗಿದ್ದರು. ಹುಲಿಕೆರೆಯಲ್ಲಿ ಸಭೆ ಮುಗಿದ ಮೇಲೆ ಊರಿನವರು ಇವರನ್ನು ಕಲ್ಯಾಣಿ ನೋಡಲು ಕರೆದುಕೊಂಡು ಹೋದರು. ಮರಿಯಣ್ಣ ಮೆಟ್ಟಿಲ ಮೇಲೆ ನಿಂತು ಕೆಳಗೆ ತೋರಿಸಿದ: "ನೋಡಿ, ನೀರು ಹೆಂಗೆ ತಳದಲ್ಲಿ ನಿಂತೈತೋ ಗ್ಯಾಸೂ ಹಂಗೇ. ನಾನು ಮೂಗನ್ನ ತಗೊಂಡೋಗಿ ಗೋಪುರದ ಮ್ಯಾಲೆ ಇಟ್ಟಿದ್ದೆ." ಎಲ್ಲರೂ ನಕ್ಕರು. ಯಾರೂ ಮರೆಯಲಿಲ್ಲ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ನೀವು ಇವತ್ತೇ ಒಂದು ಕೆಲಸ ಮಾಡಿ. ಎದ್ದು ಅಡುಗೆಮನೆಗೆ ಹೋಗಿ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು, ಹಲ್ಲಿನ ಗುರುತು, ಹಳೆಯ ತಾರೀಕು ಏನಾದರೂ ಇದ್ದರೆ ಬದಲಾಯಿಸಿ. ಗ್ಯಾಸ್ ಅಲಾರಂ ತಂದಿದ್ದರೆ ನೆಲದಿಂದ ಒಂದಡಿ ಎತ್ತರದಲ್ಲಿದೆಯೇ ನೋಡಿ. ತಂದಿಲ್ಲವಾದರೆ, ಪ್ರಮಾಣಪತ್ರದ ಗುರುತು ಇರುವುದನ್ನೇ ಕೇಳಿ ತನ್ನಿ. ಅದು ಕೂಗಿದರೆ, ಅಥವಾ ಮನೆಯಲ್ಲಿ ಒಬ್ಬರಿಗಾದರೂ ಅನುಮಾನ ಬಂದರೆ, ಬೆಂಕಿ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು ಹೊರಗೆ ನಡೆಯಿರಿ. ಹೊರಗೆ ಬಂದು 1906ಕ್ಕೆ ಫೋನು ಮಾಡಿ. ಒಬ್ಬರ ಮೂಗಿಗೆ ಬಂದದ್ದನ್ನು ಇನ್ನೊಬ್ಬರ ಮೂಗಿನಿಂದ ತಳ್ಳಿಹಾಕಬೇಡಿ. ಮತ್ತು ನಿಮಗೆ ವಾಸನೆ ತಿಳಿಯದಿದ್ದರೆ, ಅದನ್ನು ಮನೆಯವರಿಗೆ ಹೇಳಿ. ಮಂಚದ ಕೆಳಗೆ ಹಲಸಿನಹಣ್ಣು ಇಟ್ಟು ಅವರು ಕಂಡುಹಿಡಿಯುವಂತೆ ಮಾಡಬೇಡಿ.

ಮರಿಯಣ್ಣ ಪ್ರತಿ ಸಭೆಯಲ್ಲಿಯೂ ಎಲ್ಲವನ್ನೂ ಹೇಳುತ್ತಾನೆ. ಜ್ವರದ ಮಾತು, ತೊಲೆಯ ಮಾತು, ಇಲಿಯ ಮಾತು, ಹೆಂಡತಿ ಲೈಟರ್ ಕೆಳಗಿಟ್ಟ ಮಾತು. ಹನುಮಮ್ಮ ಹೆಂಗಸರ ನಡುವೆ ಕೂತು ಕೇಳುತ್ತಾಳೆ, ಏನೂ ಸೇರಿಸುವುದಿಲ್ಲ.

ಆ ಬೆಳಿಗ್ಗೆ ತಾನು "ಹಚ್ಚು" ಎಂದದ್ದನ್ನು ಮಾತ್ರ ಮರಿಯಣ್ಣ ಯಾವ ಊರಿನಲ್ಲಿಯೂ ಹೇಳಿಲ್ಲ.